ಸರ್ಜರಿ ಆದಮೇಲೂ ಅನ್ನ, ಪಾವ್, ಸಿಹಿ ಸೆಳೆಯುತ್ತಿದ್ದರೆ: ಗಡಿಯಾರ ನೋಡಿ ಹತೋಟಿಗೆ ತರುವ ಬಗೆ

ತೂಕ ಇಳಿಸುವ (ಬೇರಿಯಾಟ್ರಿಕ್) ಸರ್ಜರಿಯಾದ ಮೊದಲ ಐದಾರು ತಿಂಗಳು ಅನ್ನದ ಪಾತ್ರೆ ಕಂಡರೂ ಬೇಡ ಅನ್ನಿಸುತ್ತಿರುತ್ತದೆ. ಆಮೇಲೆ ಒಂದು ಸಂಜೆ ಮುಂಬಯಿಯ ದಾದರ್ ಸ್ಟೇಷನ್ನಿನ ಹೊರಗೆ ವಡಾ ಕರಿಯುವ ವಾಸನೆ ಬಂದದ್ದೇ ಕಾಲು ತಾನಾಗಿ ನಿಲ್ಲುತ್ತದೆ. ಮನೆಯಲ್ಲಿ ಹೇಳಿಕೊಂಡರೆ ಸಿಗುವ ಉತ್ತರ ಎಲ್ಲರಿಗೂ ಗೊತ್ತು: "ಹೊಟ್ಟೆ ಕೊಯ್ಸಿಕೊಂಡರೂ ಬಾಯಿ ಚಪಲ ಹೋಗಲಿಲ್ಲವಲ್ಲ!"

ಚಪಲ ಎಂಬ ಪದವೇ ಇಲ್ಲಿ ದಾರಿ ತಪ್ಪಿಸುವುದು. ಆ ಒಂದು ಪದದ ಕೆಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ: ಪ್ರೋಟೀನ್ ಸಾಲದೆ ಬಂದ ನಿಜವಾದ ಹಸಿವು, ಸಿಹಿ ತಿಂದ ಮೇಲೆ ರಕ್ತದ ಸಕ್ಕರೆ ಕುಸಿದು ಹುಟ್ಟುವ ಹಸಿವು, ಕಬ್ಬಿಣಾಂಶ ಅಥವಾ ನೀರು ಅಥವಾ ನಿದ್ರೆಯ ಕೊರತೆ, ಮತ್ತು ಬರಿಯ ಅಭ್ಯಾಸ. ನಾಲ್ಕಕ್ಕೂ ಮದ್ದು ಬೇರೆ. ಎರಡನೆಯದಕ್ಕೆ ಮೊದಲನೆಯದರ ಮದ್ದು ಮಾಡಿದರೆ ಉಪಯೋಗವಿಲ್ಲ. ನಾಲ್ಕನೆಯದು ಎಂದುಕೊಂಡು ಮೂರನೆಯದನ್ನು ಸಹಿಸಿಕೊಂಡು ಕುಳಿತರೆ ರಕ್ತಹೀನತೆ ಬೆಳೆಯುತ್ತದೆ. ಹಾಗಾಗಿ ಯಾವುದನ್ನು ಬಿಡಬೇಕು ಎಂದು ಯೋಚಿಸುವ ಮೊದಲು ಈ ಸೆಳೆತ ಎಷ್ಟು ಗಂಟೆಗೆ ಬರುತ್ತದೆ ಎಂದು ನೋಡಿ. ಮುಕ್ಕಾಲು ಪಾಲು ಉತ್ತರ ಗಡಿಯಾರದಲ್ಲೇ ಇರುತ್ತದೆ.

ಹೋದ ಹಸಿವು ಮರಳಿ ಬರುವುದೇಕೆ

ಸ್ಲೀವ್ ಸರ್ಜರಿಯಲ್ಲಿ ಜಠರದ ಸುಮಾರು 75ರಿಂದ 80 ಶೇಕಡಾ ಭಾಗವನ್ನು ತೆಗೆಯುತ್ತಾರೆ. ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ; ಅದೇ ಭಾಗ ಹೋಗುವುದರಿಂದ ಮೊದಲ ತಿಂಗಳುಗಳಲ್ಲಿ ಹಸಿವೇ ಇಲ್ಲವೇನೋ ಅನ್ನಿಸುತ್ತದೆ. ಇನ್ನೊಂದು ಬಗೆಯಾದ ಗ್ಯಾಸ್ಟ್ರಿಕ್ ಬೈಪಾಸಿನಲ್ಲಿ ಸುಮಾರು 30 ಮಿಲಿ ಹಿಡಿಯುವ ಪುಟ್ಟ ಚೀಲವೊಂದನ್ನು ಉಳಿಸಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲೂ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಹಸಿವು ಸ್ವಲ್ಪಸ್ವಲ್ಪವಾಗಿ ಮರಳುತ್ತದೆ. ಸರ್ಜರಿ ಕೆಟ್ಟಿತು ಎಂದು ಇದರರ್ಥವಲ್ಲ. ಜಠರ ಚಿಕ್ಕದಾಗಿಯೇ ಇದೆ, ಆದರೆ ಇನ್ನು ಅದನ್ನು ಏನಿಂದ ತುಂಬಿಸುತ್ತೀರಿ ಎಂಬುದು ನಿಮ್ಮ ಕೈಗೆ ಬಂದಿದೆ.

ಕಾರ್ಬಿನ (ಅನ್ನ, ಹಿಟ್ಟು, ಸಿಹಿಯಲ್ಲಿರುವ ಕಾರ್ಬೋಹೈಡ್ರೇಟಿನ) ಕಡೆಗೇ ಸೆಳೆತ ಏಕೆ ಎಂಬುದಕ್ಕೆ ಒಂದು ಯಾಂತ್ರಿಕ ಕಾರಣವೂ ಇದೆ. ಮೊಟ್ಟೆ, ಮೀನು, ಪನೀರು ಚಿಕ್ಕ ಜಠರದಲ್ಲಿ ಹೊತ್ತು ನಿಂತು ಸಾಕು ಅನ್ನಿಸುತ್ತವೆ. ಬಿಸ್ಕತ್ತು, ಖಾರಿ (ಪದರು ಪದರಾದ ಉಪ್ಪು ಬಿಸ್ಕತ್ತು), ಚುರುಮುರಿ, ಚಿಪ್ಸ್ ಹಾಗಲ್ಲ. ಎಂಜಲಿಗೆ ಕರಗಿ ಜಾರಿ ಕೆಳಗೆ ಹೋಗಿಬಿಡುತ್ತವೆ. ಎರಡು ಇಡ್ಲಿ ತಿನ್ನಲಾಗದವರು ಟಿವಿ ಮುಂದೆ ಅರ್ಧ ಪ್ಯಾಕೆಟ್ ಖಾರಿಯನ್ನು ಚಹಾದಲ್ಲಿ ಅದ್ದಿ ಮುಗಿಸುವುದು ಹೀಗೆಯೇ. ಚಹಾ ಸೇರಿದರೆ ಜಾರುವುದು ಇನ್ನೂ ಸಲೀಸು. ಊಟದ ಜೊತೆ ನೀರು ಕುಡಿಯಬೇಡಿ, ಊಟವಾಗಿ ಅರ್ಧ ಗಂಟೆ ಬಿಡಿ ಎಂದು ಡಯೆಟಿಷಿಯನ್ ಪದೇ ಪದೇ ಹೇಳುವುದಕ್ಕೂ ಇದೊಂದು ಕಾರಣ.

ಮೊದಲ ಹೆಜ್ಜೆ: ನಾಲ್ಕು ದಿನದ ಲೆಕ್ಕ

ಏನನ್ನೂ ಬದಲಿಸದೆ ನಾಲ್ಕು ದಿನ ಬರೆಯಿರಿ. ಅದರಲ್ಲಿ ಒಂದು ಭಾನುವಾರ ಇರಲಿ. ಮೊಬೈಲು ಆದೀತು, ಕಿರಾಣಿ ಲೆಕ್ಕದ ಪುಸ್ತಕವೂ ಆದೀತು. ಗಂಟೆ, ತಿಂದದ್ದು, ಸೆಳೆತ ಬಂದ ಗಂಟೆ, ಆಗ ಮೈಗೆ ಏನಾಗುತ್ತಿತ್ತು, ಇವಿಷ್ಟು ಸಾಕು. ಒಂದು ಪುಟ ಹೀಗಿರುತ್ತದೆ ಎಂದಿಟ್ಟುಕೊಳ್ಳಿ:

7.15 – ಕಟಿಂಗ್ ಚಾಯ್, 2 ಚಮಚ ಸಕ್ಕರೆ.
9.00 – ಆಫೀಸಿನ ಹತ್ತಿರ ಅರ್ಧ ಪ್ಲೇಟ್ ಶೀರಾ, ಚಾಯ್.
9.20 – ಹೊಟ್ಟೆ ಹಿಂಡಿತು, ಎದೆ ಢವಢವ, ಹತ್ತು ನಿಮಿಷ ತಲೆಯಿಟ್ಟು ಕೂತೆ.
11.00 – ಕೈ ನಡುಕ, ಹಣೆಯಲ್ಲಿ ತಣ್ಣನೆ ಬೆವರು, ಏನಾದರೂ ಸಿಹಿ ಬೇಕೇಬೇಕು. ಸಹೋದ್ಯೋಗಿ ಕೊಟ್ಟ ಪೇಡ.
1.30 – ಡಬ್ಬಾ: ಒಂದು ಚಪಾತಿ, ಆಲೂಗಡ್ಡೆ ಪಲ್ಯ.
6.10 – ತಡೆಯಲಾಗದ ಹಸಿವು. ಸ್ಟೇಷನ್ನಿನಲ್ಲಿ ವಡಾ ಪಾವ್.
10.30 – ಹಸಿವಿಲ್ಲ, ಆದರೂ ಫರ್ಸಾಣದ (ಸೇವು, ಚೂಡಾದಂಥ ಕುರುಕಲಿನ) ಡಬ್ಬಿಗೆ ಕೈ.

ಈ ಒಂದೇ ಪುಟದಲ್ಲಿ ಮೂರು ಬಗೆಯ ಸೆಳೆತವಿದೆ. 11ರದ್ದು ಸಕ್ಕರೆ ಕುಸಿತ, 6.10ರದ್ದು ನಿಜವಾದ ಹಸಿವು, 10.30ರದ್ದು ಅಭ್ಯಾಸ. ಇಡೀ ದಿನದ ಪ್ರೋಟೀನ್ ಕೂಡಿಸಿ ನೋಡಿದರೆ ಚಪಾತಿಯದು 3 ಗ್ರಾಂ. ವಡಾ, ಪಾವ್, ಚಹಾದ ಹಾಲು ಎಲ್ಲ ಸೇರಿಸಿದರೂ 15 ಗ್ರಾಂ ದಾಟುವುದು ಕಷ್ಟ. ಬೇಕಿರುವುದು 60ರಿಂದ 80 ಗ್ರಾಂ.

ಎರಡನೇ ಹೆಜ್ಜೆ: ಬೆಳಗಿನ ತಿಂಡಿ ಬದಲಿಸುವುದು

ಸಂಜೆಯ ಸೆಳೆತಕ್ಕೆ ಮದ್ದು ಬೆಳಿಗ್ಗೆ ಶುರುವಾಗುತ್ತದೆ. ನಮ್ಮ ತಿಂಡಿಗಳನ್ನು ಸಾಲಾಗಿ ನಿಲ್ಲಿಸಿ: ಇಡ್ಲಿ, ಉಪ್ಪಿಟ್ಟು, ಅವಲಕ್ಕಿ, ನೀರುದೋಸೆ, ಶಾವಿಗೆ. ಎಲ್ಲವೂ ಹೆಚ್ಚುಕಡಿಮೆ ಅಕ್ಕಿ, ರವೆ. ಮಾಟುಂಗದ ಉಡುಪಿ ಹೋಟೆಲುಗಳ ಮೇಲೆ ನಮಗೆಲ್ಲ ಎಷ್ಟೇ ಅಭಿಮಾನವಿರಲಿ, ಅಲ್ಲಿನ ಬೆಳಗಿನ ಮೆನುವಿನಲ್ಲಿ ಪ್ರೋಟೀನ್ ಹುಡುಕುವುದು ಕಷ್ಟ, ಒಪ್ಪಿಕೊಳ್ಳೋಣ. ಸಾಂಬಾರಿನಲ್ಲಿ ಬೇಳೆ ಇದೆಯಲ್ಲ ಅನ್ನುತ್ತಾರೆ. ಹೋಟೆಲ್ ಸಾಂಬಾರಿನ ಒಂದು ಬಟ್ಟಲಲ್ಲಿ ಬೇಳೆ ಎಷ್ಟಿದೆ ಎಂದು ಚಮಚ ಆಡಿಸಿ ನೋಡಿದರೆ ತಿಳಿಯುತ್ತದೆ.

ತಿಂಡಿಗೆ 15ರಿಂದ 20 ಗ್ರಾಂ ಪ್ರೋಟೀನ್ ಗುರಿ ಇಟ್ಟುಕೊಳ್ಳಿ. ಲೆಕ್ಕಕ್ಕೆ ಬೇಕಾಗುವ ಅಂದಾಜು ಅಂಕಿಗಳು: ಒಂದು ಮೊಟ್ಟೆ 6 ಗ್ರಾಂ, 50 ಗ್ರಾಂ ಪನೀರು 9, ಒಂದು ಲೋಟ (200 ಮಿಲಿ) ಹಾಲು 6ರಿಂದ 7, 30 ಗ್ರಾಂ ಒಣ ಬೇಳೆ 7, 30 ಗ್ರಾಂ ಒಣ ಸೋಯಾ ಚಂಕ್ಸ್ 15, 100 ಗ್ರಾಂ ಬಂಗುಡೆ 19, 30 ಗ್ರಾಂ ಹುರಿಗಡಲೆ 6. ಸಾದಾ ಮೊಸರು 100 ಗ್ರಾಮಿಗೆ ಮೂರೂವರೆ ಅಷ್ಟೇ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದರೆ ಅದೇ ತೂಕಕ್ಕೆ ಅದರ ಎರಡರಷ್ಟು ಸಿಗುತ್ತದೆ. ಆದರೆ ಅದಕ್ಕೆ ಸಕ್ಕರೆ ಬೆರೆಸಿದರೆ ಅದು ಶ್ರೀಖಂಡ, ನೆನಪಿರಲಿ.

ದೋಸೆ ಬಿಡಲಾಗದವರಿಗೆ ಹೆಸರುಕಾಳಿನ ದೋಸೆ ಒಳ್ಳೆಯ ದಾರಿ. 100 ಗ್ರಾಂ ಹೆಸರುಕಾಳನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ಚೂರು ಶುಂಠಿ, ಒಂದು ಹಸಿಮೆಣಸು, ಜೀರಿಗೆ, ಉಪ್ಪು ಸೇರಿಸಿ ರುಬ್ಬಿ, ಹುದುಗಿಸುವುದು ಬೇಡ. ಅಕ್ಕಿ ಒಂದು ಹಿಡಿಯೂ ಬೇಡ, ಗರಿಗರಿ ಆಗಲಿ ಎಂದು ಹಾಕುವ ಆ ಹಿಡಿ ಅಕ್ಕಿಯೇ ಲೆಕ್ಕ ಕೆಡಿಸುವುದು. ಹಿಟ್ಟು ಐದು ಸಣ್ಣ ದೋಸೆಗೆ ಬರುತ್ತದೆ. ಐದರ ಮೇಲೂ ಒಟ್ಟು 50 ಗ್ರಾಂ ಪನೀರು ತುರಿದು ಹಾಕಿ ಮುಚ್ಚಿ ಬೇಯಿಸಿ. ಎರಡು ದೋಸೆಗೆ ಸುಮಾರು 13 ಗ್ರಾಂ ಪ್ರೋಟೀನ್, ನಾರು ಬಿಟ್ಟು 20 ಗ್ರಾಂ ಒಳಗೆ ಕಾರ್ಬ್. ಜೊತೆಗೆ ಒಂದು ಮೊಟ್ಟೆ ಬೇಯಿಸಿಕೊಂಡರೆ 19 ಗ್ರಾಂ ಆಯಿತು. ದೋಸೆ ಗಂಟಲಲ್ಲಿ ನಿಂತಂತಾದರೆ ಅದು ದಪ್ಪವಾಗಿದೆ, ಅಥವಾ ನೀವು ಅವಸರ ಮಾಡಿದ್ದೀರಿ. ತುತ್ತು ಉಗುರಿನಷ್ಟಿರಲಿ, ಇಪ್ಪತ್ತು ಸಲ ಅಗಿಯಿರಿ.

ಹೊರಗೇ ತಿನ್ನಬೇಕಾಗಿ ಬಂದರೆ ಮಹಾರಾಷ್ಟ್ರದಲ್ಲಿ ನಮಗೊಂದು ಅನುಕೂಲವಿದೆ: ಮಿಸಳ್, ಅಂದರೆ ಮೊಳಕೆಕಾಳಿನ ಖಾರದ ತಿಂಡಿ. ಪಾವ್ ಬೇಡ, ಫರ್ಸಾಣ ಬೇಡ, ಮಟಕಿ ಉಸಳ್ (ಮಡಕೆ ಕಾಳಿನ ಪಲ್ಯ) ಮಾತ್ರ ಕೊಡಿ ಎಂದು ಹೇಳಿದರೆ ಯಾರೂ ಬೇಸರಪಡುವುದಿಲ್ಲ. ಖಾರದ ಕಟ್ (ರಸ) ಕಡಿಮೆ ಹಾಕಿಸಿಕೊಳ್ಳಿ. ಸರ್ಜರಿಯಾಗಿ ಮೂರು ತಿಂಗಳಾಗದವರಿಗೆ ಇದು ಬೇಡ.

ಸಂಜೆ ಐದರಿಂದ ಏಳು: ಸೋಲುವ ಹೊತ್ತು

ಒಂದೂವರೆಗೆ ಊಟ, ಡೊಂಬಿವಲಿಯ ಮನೆ ಮುಟ್ಟಿ ಕೈಕಾಲು ತೊಳೆದು ತಟ್ಟೆಯ ಮುಂದೆ ಕೂರುವಾಗ ಎಂಟೂವರೆ. ನಡುವೆ ಏಳು ಗಂಟೆ. ಚಿಕ್ಕ ಜಠರಕ್ಕೆ ಅಷ್ಟು ಅಂತರ ಆಗುವುದಿಲ್ಲ, ಮೂರರಿಂದ ನಾಲ್ಕು ಗಂಟೆಗೊಮ್ಮೆ ಅದಕ್ಕೆ ಏನಾದರೂ ಬೀಳಬೇಕು. ಹಸಿದ ಮೈ ಬೇಗ ಶಕ್ತಿ ಕೊಡುವುದನ್ನೇ ಬೇಡುತ್ತದೆ. ಸ್ಟೇಷನ್ನಿನಲ್ಲಿ ಅದು ಎಲ್ಲ ಕಡೆ ಇದೆ.

ಇಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳುವುದಕ್ಕಿಂತ ಸಮಯ ಬದಲಿಸುವುದು ಸುಲಭ. ಆಫೀಸು ಬಿಡುವ ಅರ್ಧ ಗಂಟೆ ಮೊದಲು, ನಿಮ್ಮ ಮೇಜಿನಲ್ಲೇ, 10ರಿಂದ 12 ಗ್ರಾಂ ಪ್ರೋಟೀನ್ ತಿಂದು ಹೊರಡಿ. ಲೋಕಲ್‌ನಲ್ಲಿ ತಿನ್ನುತ್ತೇನೆ ಅಂದುಕೊಳ್ಳಬೇಡಿ, ರೈಲಿನ ಆ ನೂಕುನುಗ್ಗಲಲ್ಲಿ ಡಬ್ಬಿ ತೆಗೆಯಲು ಕೈ ಆಡಿದರೆ ಪುಣ್ಯ. ಬೇಯಿಸಿದ ಒಂದು ಮೊಟ್ಟೆ ಮತ್ತು 25 ಗ್ರಾಂ ಹುರಿಗಡಲೆ, ಅಥವಾ 60 ಗ್ರಾಂ ಪನೀರು ಕಾಳುಮೆಣಸು ಹಾಕಿ, ಅಥವಾ ನೀರಿಗೆ ಅರ್ಧ ಸ್ಕೂಪ್ ವೇ ಪ್ರೋಟೀನ್ ಪುಡಿ. ಮುಂಬಯಿಯ ಸೆಕೆಗೆ ಪನೀರು ಮಧ್ಯಾಹ್ನದೊಳಗೆ ಹುಳಿಯುತ್ತದೆ, ಆಫೀಸಿನಲ್ಲಿ ಫ್ರಿಜ್ ಇಲ್ಲದವರು ಹುರಿಗಡಲೆಗೇ ಅಂಟಿಕೊಳ್ಳಿ. ಶೇಂಗಾವನ್ನು ಎಣಿಸಿ ಕಟ್ಟಿಕೊಳ್ಳಿ. ಡಬ್ಬಿಯಿಂದ ನೇರ ತಿಂದರೆ ಅದೂ ಖಾರಿಯ ಹಾಗೆಯೇ ಮುಗಿಯದ ಕೆಲಸ.

ಚಹಾ ಬಿಡಬೇಕಿಲ್ಲ, ಸಕ್ಕರೆ ಇಳಿಸಬೇಕು. ದಿನಕ್ಕೆ ನಾಲ್ಕು ಚಹಾ, ತಲಾ ಎರಡು ಚಮಚ ಎಂದರೆ ಸುಮಾರು 40 ಗ್ರಾಂ ಸಕ್ಕರೆ. ವಾರಕ್ಕೆ ಪ್ರತಿ ಕಪ್ಪಿನಿಂದ ಅರ್ಧ ಚಮಚದ ಹಾಗೆ ಕಡಿಮೆ ಮಾಡಿದರೆ ಒಂದು ತಿಂಗಳಲ್ಲಿ ಸೊನ್ನೆಗೆ ಬರುತ್ತದೆ, ನಾಲಿಗೆಯೂ ಹೊಂದಿಕೊಳ್ಳುತ್ತದೆ. ಬೆಲ್ಲಕ್ಕೆ ಬದಲಾಯಿಸಿದೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ, ಕರುಳಿಗೆ ಬೆಲ್ಲವೂ ಸಕ್ಕರೆಯೇ. 'ಶುಗರ್ ಫ್ರೀ' ಮಿಠಾಯಿಗಳಲ್ಲಿ ಸಾರ್ಬಿಟಾಲ್, ಮಾಲ್ಟಿಟಾಲ್ ಎಂಬ ಸಿಹಿಕಾರಕಗಳು ಇದ್ದರೆ ಗ್ಯಾಸು, ಭೇದಿ ಖಂಡಿತ ಎಂದೇ ತಿಳಿಯಿರಿ.

ತಿಂದು ಒಂದರಿಂದ ಮೂರು ಗಂಟೆಗೆ ಬರುವ ನಡುಕ

ಇದು ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆಗೆ ಗುರಿಯಾದ ಸೆಳೆತ. ಬೈಪಾಸ್ ಆದವರಲ್ಲಿ ಹೆಚ್ಚು, ಸ್ಲೀವ್ ಆದವರಲ್ಲೂ ಇದೆ. ಮೇಲಿನ ಪುಟದ ಶೀರಾವನ್ನೇ ತೆಗೆದುಕೊಳ್ಳಿ. ರವೆ ಮತ್ತು ಸಕ್ಕರೆ ಜಠರದಲ್ಲಿ ನಿಲ್ಲದೆ ಒಮ್ಮೆಗೇ ಸಣ್ಣ ಕರುಳಿಗೆ ಸುರಿಯುತ್ತವೆ. ಕರುಳು ರಕ್ತದ ನೀರನ್ನು ಒಳಗೆಳೆದುಕೊಳ್ಳುವುದರಿಂದ ಹತ್ತರಿಂದ ಮೂವತ್ತು ನಿಮಿಷದಲ್ಲಿ ಹೊಟ್ಟೆ ಹಿಂಡುವುದು, ಎದೆ ಬಡಿತ, ಭೇದಿ. ಡಂಪಿಂಗ್ ಎನ್ನುವುದು ಇದನ್ನೇ. ಅಷ್ಟಕ್ಕೆ ಮುಗಿಯುವುದಿಲ್ಲ. ರಕ್ತದ ಸಕ್ಕರೆ ಜಿಗಿದು, ಅದಕ್ಕೆ ಉತ್ತರವಾಗಿ ಇನ್ಸುಲಿನ್ ಬೇಕಾದ್ದಕ್ಕಿಂತ ಹೆಚ್ಚು ಹೊರಬಂದು, ಒಂದರಿಂದ ಮೂರು ಗಂಟೆಯೊಳಗೆ ಸಕ್ಕರೆ ಕುಸಿಯುತ್ತದೆ. ಆಗ ಬರುವ ಸೆಳೆತ ಚಪಲವಲ್ಲ, ಮಿದುಳಿನ ಕೂಗು. ಅದಕ್ಕೆ ಪೇಡ ಕೊಟ್ಟರೆ ಐದು ನಿಮಿಷ ಹಾಯೆನಿಸಿ ಇನ್ನೆರಡು ಗಂಟೆಯಲ್ಲಿ ಅದೇ ಕಥೆ ಮರುಕಳಿಸುತ್ತದೆ. ಈ ತೊಂದರೆ ಸಾಮಾನ್ಯವಾಗಿ ಸರ್ಜರಿಯಾಗಿ ಒಂದು ವರ್ಷ ಕಳೆದ ಮೇಲೆ ತಲೆಯೆತ್ತುತ್ತದೆ, ಆದ್ದರಿಂದ ಯಾರಿಗೂ ಸರ್ಜರಿಯ ನೆನಪೇ ಆಗುವುದಿಲ್ಲ.

ನಡುಕ ಬಂದ ಕ್ಷಣದಲ್ಲೇ ಗ್ಲೂಕೋಮೀಟರಿನಲ್ಲಿ ನೋಡಿ ಬರೆದಿಡಿ. 70ಕ್ಕಿಂತ (mg/dL) ಕಡಿಮೆ ಇದ್ದರೆ 15 ಗ್ರಾಂ ಗ್ಲೂಕೋಸ್ ಪುಡಿ, ಇಲ್ಲವೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಿರಿ. ಅಷ್ಟೇ, ಡಬ್ಬಿ ಖಾಲಿ ಮಾಡಬೇಡಿ. ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. 70 ದಾಟಿದ ಮೇಲೆ ಒಂದು ಮೊಟ್ಟೆ ಅಥವಾ 30 ಗ್ರಾಂ ಪನೀರು ತಿನ್ನಲೇಬೇಕು, ಈ ಕೊನೆಯ ಹೆಜ್ಜೆ ಬಿಟ್ಟರೆ ಮತ್ತೆ ಕುಸಿಯುತ್ತದೆ. 54ಕ್ಕಿಂತ ಕೆಳಗೆ ಹೋಗಿದ್ದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನು ಮಾಡಬೇಕು ಎಂದು ಮನೆಯವರಿಗೆ ಮೊದಲೇ ಹೇಳಿಟ್ಟಿರಿ. ಡಯಾಬಿಟಿಸ್ ಮಾತ್ರೆ ಅಥವಾ ಇನ್ಸುಲಿನ್ ಇನ್ನೂ ನಡೆಯುತ್ತಿದ್ದರೆ ಹಳೆಯ ಡೋಸೇ ಈ ಕುಸಿತಕ್ಕೆ ಕಾರಣವಿರಬಹುದು. ತೂಕ ಇಳಿದ ಮೇಲೆ ಡೋಸು ಪರಿಶೀಲಿಸಿದ್ದಾರೆಯೇ ಕೇಳಿ.

ಮುಂದೆ ಬರದಂತೆ ತಡೆಯಲು ಊಟಕ್ಕೆ 30 ಗ್ರಾಂ, ನಡುವಿನ ತಿಂಡಿಗೆ 15 ಗ್ರಾಂ ಕಾರ್ಬ್ ಮೀರಬೇಡಿ. 100 ಗ್ರಾಂ ಬೆಂದ ಅನ್ನದಲ್ಲಿ ಸುಮಾರು 28 ಗ್ರಾಂ, 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ 20 ದಾಟಿ, 30 ಗ್ರಾಂ ಒಣ ಅವಲಕ್ಕಿಯಲ್ಲಿ 23. ಅಡುಗೆಮನೆಯ ತಕ್ಕಡಿಯಲ್ಲಿ ಒಂದು ವಾರ ತೂಗಿ ನೋಡಿದರೆ ಕಣ್ಣಳತೆ ಬರುತ್ತದೆ. ತಟ್ಟೆಯಲ್ಲಿ ಕ್ರಮವೂ ಮುಖ್ಯ: ಮೊದಲು ಮೀನು, ಕಾಳು ಅಥವಾ ಜುಣಕ (ಕಡಲೆಹಿಟ್ಟಿನ ಪಲ್ಯ), ಆಮೇಲೆ ಪಲ್ಯ, ಅನ್ನ, ರೊಟ್ಟಿ ಕೊನೆಗೆ, ಜಾಗ ಉಳಿದರೆ. ತಿಳಿಸಾರು ಅನ್ನವನ್ನು ಇನ್ನೂ ಬೇಗ ಕೆಳಗೆ ಜಾರಿಸುತ್ತದೆ, ಗಟ್ಟಿ ತೊವ್ವೆ ಮೇಲು.

ಹಾಗೆಂದು ಕಾರ್ಬನ್ನು ಪೂರ್ತಿ ನಿಲ್ಲಿಸುವ ಶೂರತನ ಬೇಡ. ವಾರವಿಡೀ ಸೊನ್ನೆ, ಭಾನುವಾರ ಬಿರಿಯಾನಿಯ ಪಾತ್ರೆ ಎನ್ನುವ ತಕ್ಕಡಿಯಾಟಕ್ಕಿಂತ ದಿನವೂ ಎರಡು ಹೊತ್ತು ಅಳತೆಯ ಜೋಳದ ರೊಟ್ಟಿ ತಿನ್ನುವವರ ಸ್ಥಿತಿ ಎಷ್ಟೋ ಚೆನ್ನಾಗಿರುತ್ತದೆ.

ಹಸಿ ಅಕ್ಕಿ, ಐಸು ತಿನ್ನಬೇಕೆನಿಸಿದರೆ

ಅಕ್ಕಿ ಆರಿಸುವಾಗ ಮೊರದಿಂದ ಒಂದೊಂದೇ ಚಿಟಿಕೆ ಬಾಯಿಗೆ ಹೋಗುತ್ತಿದೆಯೇ? ಫ್ರಿಜ್ಜಿನ ಐಸನ್ನು ಕಟಕಟ ಅಗಿಯುತ್ತೀರಾ? ಇದನ್ನು ಯಾರೂ ಡಾಕ್ಟರ ಮುಂದೆ ಹೇಳುವುದಿಲ್ಲ, ನಾಚಿಕೆ. ಆದರೆ ಇದು ಕಬ್ಬಿಣಾಂಶದ ಕೊರತೆಯ ಹಳೆಯ ಗುರುತು. ಬೈಪಾಸಿನಲ್ಲಿ ಕಬ್ಬಿಣ ಹೀರುವ ಕರುಳಿನ ಮೊದಲ ಭಾಗವೇ ದಾರಿಯಿಂದ ಹೊರಗುಳಿಯುವುದರಿಂದ, ಅದರಲ್ಲೂ ಮುಟ್ಟಾಗುವ ಹೆಂಗಸರಲ್ಲಿ, ಇದು ಸಾಮಾನ್ಯ. ಹಿಮೋಗ್ಲೋಬಿನ್ ಒಂದೇ ಸಾಲದು, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಕೂಡ ಮಾಡಿಸಿ, ಜೊತೆಗೆ ಬಿ12. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಎರಡು ಗಂಟೆ ಅಂತರವಿರಲಿ, ಚಹಾದ ಜೊತೆ ಕಬ್ಬಿಣ ನುಂಗಬೇಡಿ. ದಿನವೂ ಮಾತ್ರೆ ತಿಂದರೂ ಏರಲಿಲ್ಲ ಅನ್ನುವವರಲ್ಲಿ ಮೊದಲು ಕೇಳಬೇಕಾದ್ದು ಇದೇ ಎರಡು.

ನೀರು, ನಿದ್ರೆಯ ವಿಷಯ ಬೇಗ ಹೇಳಿ ಮುಗಿಸಬಹುದು. ದಿನಕ್ಕೆ ಒಂದೂವರೆ ಲೀಟರಾದರೂ ಗುಟುಕು ಗುಟುಕಾಗಿ ಒಳಗೆ ಹೋಗಬೇಕು. ಬಾಯಾರಿಕೆಯನ್ನು ಎಷ್ಟೋ ಸಲ ಹಸಿವೆಂದು ತಿಳಿಯುತ್ತೇವೆ. ಐದು ಗಂಟೆ ನಿದ್ರೆ ಮಾಡಿ ಮೊದಲ ಲೋಕಲ್ ಹಿಡಿಯುವವರಿಗೆ ಮಾರನೆಯ ದಿನ ಸಿಹಿಯ ಸೆಳೆತ ಹೆಚ್ಚು, ಇದಕ್ಕೆ ತಟ್ಟೆಯಲ್ಲಿ ಮದ್ದಿಲ್ಲ.

ಅಭ್ಯಾಸ, ಹಬ್ಬ, ಬಡಿಸುವ ಕೈ

ಹಸಿವಿಲ್ಲದಿದ್ದರೂ ಒಂದೇ ಜಾಗ, ಒಂದೇ ಹೊತ್ತಿಗೆ ಬರುವುದು ಅಭ್ಯಾಸ. ಪರೀಕ್ಷೆ ಸುಲಭ: ಎದುರಿಗೆ ಬೇಯಿಸಿದ ಮೊಟ್ಟೆ ಅಥವಾ ಉಸಳ್ ಇದ್ದರೆ ತಿನ್ನುತ್ತೀರಾ? ಹೌದಾದರೆ ಹಸಿವು, ತಿನ್ನಿ. "ಅದು ಬೇಡ, ಫರ್ಸಾಣವೇ ಬೇಕು" ಎಂದರೆ ಅಭ್ಯಾಸ. ಫರ್ಸಾಣದ ಡಬ್ಬಿಯನ್ನು ಟಿವಿ ಇರುವ ಕೋಣೆಯಿಂದ ಅಟ್ಟಕ್ಕೇರಿಸಿ, ತಿನ್ನಲೇಬೇಕಾದರೆ ಬಟ್ಟಲಿಗೆ ಹಾಕಿಕೊಂಡು ಅಡುಗೆಮನೆಯಲ್ಲೇ ಕೂತು ತಿನ್ನುವ ನಿಯಮ ಮಾಡಿ. ದುಃಖ, ಜಗಳ, ಒಂಟಿತನದ ಜೊತೆ ಇದು ಬೆಸೆದುಕೊಂಡಿದ್ದರೆ, ಕದ್ದು ತಿನ್ನುವುದು ಶುರುವಾಗಿದ್ದರೆ, ಕೌನ್ಸೆಲರ್ ಕಾಣುವುದೇ ಸರಿ. ತಿಂಡಿ ಬಿಟ್ಟ ಕೈ ಗ್ಲಾಸಿಗೆ ಹೋಗದಂತೆಯೂ ನೋಡಿಕೊಳ್ಳಿ, ಬೈಪಾಸ್ ಮತ್ತು ಸ್ಲೀವ್ ಆದವರಿಗೆ ಮದ್ಯ ಬೇಗ ಏರುತ್ತದೆ.

ಶ್ರಾವಣದ ಉಪವಾಸ ನಿಜಕ್ಕೂ ಕಷ್ಟ. ಸಾಬಕ್ಕಿ ಖಿಚಡಿ ಎಂದರೆ ಹೆಚ್ಚುಕಡಿಮೆ ಬರಿಯ ಪಿಷ್ಟ; ಪ್ರೋಟೀನ್ ಏನಾದರೂ ಇದ್ದರೆ ಅದು ಶೇಂಗಾದ್ದು. ಮೊದಲ ವರ್ಷ ಉಪವಾಸ ಬಿಡುವುದು ಒಳಿತು. ಬಿಡಲಾಗದವರು ಹಾಲು, ನೀರಿಳಿಸಿದ ಮೊಸರು, ಪನೀರು, ಹಿಡಿ ಶೇಂಗಾದಲ್ಲಿ ದಿನ ಕಳೆಯಿರಿ. ಗಣಪತಿಯ ಮೋದಕ ಅಥವಾ ಕಡುಬು ಊಟದ ಕೊನೆಗೆ ಅರ್ಧ, ಖಾಲಿ ಹೊಟ್ಟೆಗೆ ಮಾತ್ರ ಬೇಡ. ಒಂದು ಮಂಟಪದಿಂದ ಇನ್ನೊಂದಕ್ಕೆ ಹೋಗುವಾಗ ಸಿಗುವ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಡಬ್ಬಿಗೆ ಹಾಕಿಕೊಂಡರೆ ದೇವರು ಮುನಿಯುವುದಿಲ್ಲ. ಬಡಿಸುವ ಅತ್ತೆಗೆ, ಚಿಕ್ಕಮ್ಮನಿಗೆ ಡಯೆಟ್ಟಿನ ವಿವರಣೆ ಕೊಡಹೋಗಬೇಡಿ, ಅದು ವಾದಕ್ಕೆ ತಿರುಗುತ್ತದೆ. "ಒಂದು ಚೂರು ಹಾಕಿ ಅತ್ತೆ, ಸಿಹಿ ತಿಂದರೆ ತಲೆ ಸುತ್ತುತ್ತೆ" ಎಂದರೆ ಮುಗಿಯಿತು, ಅದು ಸುಳ್ಳೂ ಅಲ್ಲ.

ಕಾಯದೆ ಹೋಗಬೇಕಾದ ಸಂದರ್ಭಗಳು

ಎರಡು ದಿನ ಬಿಡದೆ ವಾಂತಿಯಾಗಿ ನೀರೂ ನಿಲ್ಲದಿದ್ದರೆ, ಕಣ್ಣಿಗೆ ಒಂದು ಎರಡಾಗಿ ಕಂಡರೆ, ನಡೆಯುವಾಗ ತೂರಾಡಿದರೆ ಅದು ಥಯಾಮಿನ್ (ಬಿ1) ಕೊರತೆಯ ತುರ್ತು ಸ್ಥಿತಿಯಿರಬಹುದು. ಬೀದಿಯ ನರ್ಸಿಂಗ್ ಹೋಮಿನಲ್ಲಿ ಗ್ಲೂಕೋಸ್ ಡ್ರಿಪ್ ಹಾಕಲು ಹೊರಟರೆ "ಬೇರಿಯಾಟ್ರಿಕ್ ಸರ್ಜರಿ ಆಗಿದೆ, ಮೊದಲು ಥಯಾಮಿನ್ ಬೇಕೇ?" ಎಂದು ಕೇಳಿ, ಥಯಾಮಿನ್ ಇಲ್ಲದೆ ಗ್ಲೂಕೋಸ್ ಹೋದರೆ ನರಗಳ ಹಾನಿ ಉಲ್ಬಣಿಸಬಹುದು. ಕಪ್ಪು ಮಲ, ತಡೆಯಲಾಗದ ಹೊಟ್ಟೆನೋವು, ಎಚ್ಚರ ತಪ್ಪುವುದು, ಇವಕ್ಕೂ ಅದೇ ದಿನ ಆಸ್ಪತ್ರೆ. ಬೈಪಾಸ್ ಆದ ಗರ್ಭಿಣಿಗೆ ಸಕ್ಕರೆ ನೀರು ಕುಡಿಸಿ ಮಾಡುವ ಪರೀಕ್ಷೆಯಿಂದ ತೀವ್ರ ಡಂಪಿಂಗ್ ಆಗಬಹುದು, ಬೇರೆ ವಿಧಾನ ಕೇಳಿ.

ಉಳಿದಂತೆ, ಮೇಲಿನ ಬದಲಾವಣೆ ಮಾಡಿ ಎರಡು ವಾರ ಮತ್ತೆ ಅದೇ ಪುಸ್ತಕದಲ್ಲಿ ಬರೆಯಿರಿ. ಸೆಳೆತ ತಗ್ಗದಿದ್ದರೆ ಹಳೆಯ ಪುಟ, ಹೊಸ ಪುಟ, ನಡುಕ ಬಂದಾಗಿನ ಶುಗರ್ ಅಂಕಿಗಳು, ಫೆರಿಟಿನ್ ರಿಪೋರ್ಟು, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಈಗ ತಿನ್ನುವ ಮಾತ್ರೆಗಳ ಸ್ಟ್ರಿಪ್ಪುಗಳು ಎಲ್ಲವನ್ನೂ ಒಂದೇ ಫೈಲಿಗೆ ಹಾಕಿಕೊಂಡು ಹೋಗಿ. ಯಾವ ಸರ್ಜರಿ, ಸ್ಲೀವೋ ಬೈಪಾಸೋ, ಯಾವ ವರ್ಷದ್ದು ಎಂದು ಮೇಲೆ ದೊಡ್ಡದಾಗಿ ಬರೆದಿರಲಿ.